ಊಹೆ ಬೇಡ, ಅಳೆದು ನೋಡೋಣ: ಆಂಪ್ಲಿಫೈಯರ್ ಕಿಟ್‌ನಲ್ಲಿ ವೋಲ್ಟೇಜ್ ತಪ್ಪಿದಾಗ



ಉಪ್ಪಿನಕಾಯಿ, ಹೊಲಿಗೆ, ಕೋಳಿ ಸಾಕಣೆ ಇವುಗಳ ಪಾಠವನ್ನು ನಾವು ಸಂಘದ ಸಭೆಗಳಲ್ಲಿ ಎಷ್ಟೋ ಸಲ ಓದಿದ್ದೇವೆ. ಈ ಸಲದ ಪಾಠ ಸ್ವಲ್ಪ ಬೇರೆ. ಕೈಯಲ್ಲಿ ಸಾಲ್ಡರಿಂಗ್ ಐರನ್ ಮತ್ತು ಮೀಟರ್ ಹಿಡಿಯುವ ಪಾಠ. "ಅದು ಗಂಡಸರ ಕೆಲಸ, ನಮಗ್ಯಾಕೆ?" ಅಂತ ಪುಟ ತಿರುಗಿಸಬೇಡಿ. ಬ್ಯಾಂಕಿನ ಚಲನ್ ತುಂಬುವುದೂ ಒಂದು ಕಾಲದಲ್ಲಿ ಗಂಡಸರ ಕೆಲಸವೇ ಆಗಿತ್ತು. ಈಗ ನಮ್ಮ ಪ್ರತಿನಿಧಿಗಳು ಮ್ಯಾನೇಜರ್ ಎದುರು ಕೂತು ಲೆಕ್ಕ ಕೇಳುತ್ತಾರೆ. ಇದೂ ಹಾಗೆಯೇ ಕಲಿತರೆ ಬರುತ್ತದೆ.

ನಡೆದದ್ದು ಏನು?

ನಮ್ಮ ತರಬೇತಿಯಲ್ಲಿ ಮಿಕ್ಸಿ ರಿಪೇರಿ, ಮನೆ ವೈರಿಂಗ್ ಕಲಿಯುತ್ತಿದ್ದ ಒಂದು ಸಂಘದವರಿಗೆ ಒಂದು ಆಸೆ ಬಂತು. "ಸಿಸ್ಟರ್, ನಾವೇ ಒಂದು ಆಂಪ್ಲಿಫೈಯರ್ ಜೋಡಿಸೋಣ. ನಾಮಕರಣ, ಸೀಮಂತಕ್ಕೆ ಬಾಡಿಗೆಗೆ ಕೊಡಬಹುದು. ಮಕ್ಕಳ ಡ್ಯಾನ್ಸ್ ಪ್ರಾಕ್ಟೀಸಿಗೂ ಆಗುತ್ತೆ" ಅಂದರು. ಸಂಘದ ಹಣದಲ್ಲಿ ಎರಡು ಸಾವಿರದ ಚಿಲ್ಲರೆ ರೂಪಾಯಿ ತೆಗೆದು, ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗುವವರ ಕೈಯಲ್ಲಿ ಕಿಟ್ ಮತ್ತು ಎರಡು ಸ್ಪೀಕರ್ ತರಿಸಿದೆವು.

ಬೋರ್ಡಿನ ಬೆಸುಗೆಯನ್ನು ಆ ಗುಂಪಿನ ಚಿಕ್ಕ ತಂಗಿ ಒಬ್ಬಳೇ ಮಾಡಿದಳು. ಹತ್ತನೇ ಕ್ಲಾಸಿಗೆ ಓದು ನಿಲ್ಲಿಸಿದ ಹುಡುಗಿ, ಆದರೆ ಕೈ ಬಹಳ ಅಚ್ಚುಕಟ್ಟು. ಮರುದಿನ ಎಲ್ಲರೂ ಸೇರಿ ಸ್ವಿಚ್ ಹಾಕಿದೆವು. ಹಾಡು ಬಂತು, ಚಪ್ಪಾಳೆ ಹೊಡೆದೆವು. ಹತ್ತು ನಿಮಿಷ ಆಗುವಷ್ಟರಲ್ಲಿ ಸದ್ದು ಗೊರಗೊರ ಅಂತು, ಒಂದು ಸ್ಪೀಕರಿನ ಕಾಗದ ಮುಂದಕ್ಕೆ ಜಿಗಿದು ಅಲ್ಲೇ ನಿಂತಿತು. ಸುಟ್ಟ ವಾಸನೆ ಬಂತು. ಅಲ್ಲಿಗೆ ಮುಗಿಯಿತು.

"ಇವಳ ಬೆಸುಗೆಯೇ ಸರಿ ಇಲ್ಲ" ಅಂತ ಒಬ್ಬರು ಅಂದರು. ಇನ್ನೊಬ್ಬರು ಹೌದು ಅಂದರು. ಮುಂದಿನ ಸಭೆಯಲ್ಲಿ ನಷ್ಟವನ್ನು ಅವಳ ಉಳಿತಾಯದಿಂದ ಕಳೆಯಬೇಕು ಎಂಬ ಮಾತೂ ಬಂತು. ಆ ಹುಡುಗಿ ಏನೂ ವಾದ ಮಾಡಲಿಲ್ಲ. "ಕಳೆದುಕೊಳ್ಳಿ ಅಕ್ಕಾ" ಅಂತ ಹೇಳಿ ಹೋದವಳು ಎರಡು ಸಭೆಗೆ ಬರಲೇ ಇಲ್ಲ.

ಆಗ ನಮಗೆ ಹೊಳೆದದ್ದು ಇಷ್ಟೇ. ಅಷ್ಟು ಮಂದಿ ಸೇರಿ ಒಬ್ಬಳ ಮೇಲೆ ತೀರ್ಪು ಕೊಟ್ಟೆವು, ಆದರೆ ಒಂದು ಸಲವಾದರೂ ಮೀಟರ್ ಇಟ್ಟು ನೋಡಲಿಲ್ಲ. "ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು" ಅಂತ ನಮ್ಮ ಹಿರಿಯರು ಹೇಳಿದ್ದಾರೆ. ನಾವು ಕಂಡಿದ್ದು ಹೊಗೆ ಮಾತ್ರ. ಆದ್ದರಿಂದ ಮೊದಲಿನಿಂದ ಅಳೆಯಲು ಕೂತೆವು. ಹೇಗೆ ಅಳೆದೆವು ಎಂಬುದೇ ಈ ಪಾಠ. ಏನು ಸಿಕ್ಕಿತು ಎಂಬುದನ್ನು ಕೊನೆಯಲ್ಲಿ ಹೇಳುತ್ತೇವೆ.

ಕಿಟ್‌ನೊಳಗೆ ಕರೆಂಟು ಬರುವ ದಾರಿ

ವೋಲ್ಟೇಜ್ ಅಂದರೆ ಒತ್ತಡ. ಟ್ಯಾಂಕ್ ಎತ್ತರದಲ್ಲಿದ್ದರೆ ನಲ್ಲಿಯಲ್ಲಿ ನೀರು ಜೋರಾಗಿ ಬರುತ್ತದಲ್ಲ, ಹಾಗೆ. ನಮ್ಮ ಗೋಡೆಯ ಪ್ಲಗ್ಗಿನಲ್ಲಿ ಇರಬೇಕಾದ್ದು 230 ವೋಲ್ಟ್. ಅದು ಎ.ಸಿ., ಅಂದರೆ ಸೆಕೆಂಡಿಗೆ 50 ಸಲ ಹಿಂದಕ್ಕೂ ಮುಂದಕ್ಕೂ ತೂಗಾಡುವ ಕರೆಂಟು. ಆಂಪ್ಲಿಫೈಯರಿಗೆ ಬೇಕಾದ್ದು ಕಡಿಮೆ ಒತ್ತಡದ, ತೂಗಾಡದ ಡಿ.ಸಿ. ಆದ್ದರಿಂದ ಕಿಟ್‌ನಲ್ಲಿ ನಾಲ್ಕು ಮನೆಗಳಿವೆ.

ಮೊದಲನೆಯದು ಟ್ರಾನ್ಸ್‌ಫಾರ್ಮರ್. ನಮ್ಮದು 12-0-12, ಎರಡು ಆಂಪಿಯರಿನದು. 230 ವೋಲ್ಟನ್ನು 12 ವೋಲ್ಟಿಗೆ ಇಳಿಸುತ್ತದೆ. ಹೊರಗೆ ಬರುವ ಮೂರು ತಂತಿಯಲ್ಲಿ ನಡುವಿನದ್ದು ಸೊನ್ನೆ.

ಎರಡನೆಯದು ನಾಲ್ಕು ಡಯೋಡ್. ನಮ್ಮ ಕಿಟ್‌ನಲ್ಲಿದ್ದದ್ದು 1ಎನ್5408. ಡಯೋಡ್ ಒಂದೇ ಕಡೆಗೆ ತೆರೆಯುವ ಬಾಗಿಲು, ತೂಗಾಡುವ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುತ್ತದೆ.

ಮೂರನೆಯದು ಎರಡು ದೊಡ್ಡ ಕೆಪಾಸಿಟರ್, 2200 ಮೈಕ್ರೋಫ್ಯಾರಡ್, 25 ವೋಲ್ಟಿನವು. ಅಲೆ ಅಲೆಯಾಗಿ ಬಂದದ್ದನ್ನು ತುಂಬಿಸಿಟ್ಟು ಸಮವಾಗಿ ಕೊಡುತ್ತವೆ.

ನಾಲ್ಕನೆಯದು ಸದ್ದನ್ನು ದೊಡ್ಡದು ಮಾಡುವ ಐಸಿ, ಟಿಡಿಎ2030ಎ. ಎಡ ಸ್ಪೀಕರಿಗೊಂದು, ಬಲ ಸ್ಪೀಕರಿಗೊಂದು.

ಈ ಐಸಿಗೆ ಪ್ಲಸ್ ಮತ್ತು ಮೈನಸ್ ಎರಡೂ ಬೇಕು. ಬಾವಿಕಟ್ಟೆಯನ್ನು ನೆನೆಸಿಕೊಳ್ಳಿ. ಕಟ್ಟೆ ಸೊನ್ನೆ. ಕಟ್ಟೆಯಿಂದ ಮೇಲಿನ ಎತ್ತರ ಪ್ಲಸ್, ಕಟ್ಟೆಯಿಂದ ಕೆಳಗಿನ ಆಳ ಮೈನಸ್. ಎರಡೂ ಸಮ ಇದ್ದರೆ ಸ್ಪೀಕರ್ ಸುಮ್ಮನಿರುವಾಗ ಸರಿಯಾಗಿ ಕಟ್ಟೆಯ ಮಟ್ಟದಲ್ಲಿ, ಅಂದರೆ ಸೊನ್ನೆಯಲ್ಲಿ ನಿಲ್ಲುತ್ತದೆ.

ಎಷ್ಟು ಬರಬೇಕು? ಲೆಕ್ಕ ಹಾಕೋಣ

ಅಳೆಯುವ ಮೊದಲು ಎಷ್ಟು ಬರಬೇಕು ಅಂತ ಗೊತ್ತಿರಬೇಕು. ಬಡ್ಡಿ ಎಷ್ಟು ಅಂತ ಗೊತ್ತಿಲ್ಲದೆ ಪಾಸ್‌ಬುಕ್ ನೋಡಿ ಏನು ಪ್ರಯೋಜನ?

12 ವೋಲ್ಟ್ ಎ.ಸಿ. ಅಂದರೆ ಅದರ ಅಲೆಯ ತುದಿ 12ಕ್ಕಿಂತ ಮೇಲಿರುತ್ತದೆ. 12ನ್ನು 1.414ರಿಂದ ಗುಣಿಸಿದರೆ ಸುಮಾರು 17. ಕೆಪಾಸಿಟರ್ ಈ ತುದಿಯವರೆಗೆ ತುಂಬುತ್ತದೆ. ದಾರಿಯಲ್ಲಿ ಡಯೋಡ್ ಸುಮಾರು 0.7 ವೋಲ್ಟ್ ಸುಂಕ ತೆಗೆದುಕೊಳ್ಳುತ್ತದೆ. ಉಳಿಯುವುದು 16 ಚಿಲ್ಲರೆ. ಹೊರೆ ಇಲ್ಲದಾಗ ಟ್ರಾನ್ಸ್‌ಫಾರ್ಮರ್ 12ಕ್ಕಿಂತ ಸ್ವಲ್ಪ ಜಾಸ್ತಿ ಕೊಡುತ್ತದೆ, ಊರಿನ ಲೈನಿನಲ್ಲಿ ಕರೆಂಟು ಏರಿಳಿಯುತ್ತಲೂ ಇರುತ್ತದೆ. ಆದ್ದರಿಂದ ಪ್ಲಸ್ ಕಡೆ 16ರಿಂದ 19, ಮೈನಸ್ ಕಡೆಯೂ 16ರಿಂದ 19 ಬಂದರೆ ಗಾಬರಿ ಬೇಡ. ಮುಖ್ಯವಾಗಿ ಎರಡೂ ಹೆಚ್ಚುಕಡಿಮೆ ಸಮ ಇರಬೇಕು.

"12ರ ಟ್ರಾನ್ಸ್‌ಫಾರ್ಮರ್ ತಂದೆವು, 17 ತೋರಿಸ್ತಾ ಇದೆ, ಅಂಗಡಿಯವ ಮೋಸ ಮಾಡಿದ" ಅಂತ ಎಷ್ಟೋ ಜನ ಹೇಳುತ್ತಾರೆ. ಅದು ಮೋಸ ಅಲ್ಲ, ಲೆಕ್ಕ.

ಇನ್ನೊಂದು ಮಾತು. ಐಸಿಯ ಮೇಲೆ ಬರೆದದ್ದನ್ನು ಕೊನೆಯ ಅಕ್ಷರದವರೆಗೆ ಓದಿ. ಟಿಡಿಎ2030 ತಡೆಯುವ ಗರಿಷ್ಠ ಮಿತಿ ಪ್ಲಸ್ 18, ಮೈನಸ್ 18. ಕೊನೆಯಲ್ಲಿ 'ಎ' ಇದ್ದರೆ 22ರವರೆಗೆ. ಒಂದು ಅಕ್ಷರಕ್ಕೆ ಅಷ್ಟು ಬೆಲೆ ಇದೆ. ನಮ್ಮ ಲೈನಿನಲ್ಲಿ ಕರೆಂಟು ಏರಿದಾಗ 18 ದಾಟುವುದು ಕಷ್ಟವೇನಲ್ಲ, ಆದ್ದರಿಂದ ಈ ಟ್ರಾನ್ಸ್‌ಫಾರ್ಮರಿಗೆ 'ಎ' ಇರುವುದನ್ನೇ ಹಾಕಿ.

ಮೊದಲು ಜೀವ, ಆಮೇಲೆ ಕಿಟ್

ಈ ಭಾಗವನ್ನು ಸಭೆಯಲ್ಲಿ ಒಬ್ಬರು ಗಟ್ಟಿಯಾಗಿ ಓದಿ.

1. ಟ್ರಾನ್ಸ್‌ಫಾರ್ಮರಿನ 230 ವೋಲ್ಟಿನ ಕಡೆ ಜೀವ ತೆಗೆಯಬಲ್ಲದು. ಆ ಕಡೆಯ ಎಲ್ಲಾ ಜಾಯಿಂಟಿಗೂ ಸ್ಲೀವ್ ಹಾಕಿ ಮುಚ್ಚದೆ ಪ್ಲಗ್ ಹಾಕಲೇಬಾರದು. ಕಲಿಯುವವರು ಆ ಕಡೆ ಮೀಟರ್ ಇಡುವುದೂ ಬೇಡ. ಅದನ್ನು ವೈರಿಂಗ್ ಬಲ್ಲವರೇ ನೋಡಲಿ.

2. ಕಬ್ಬಿಣದ ಡಬ್ಬಿಯಾದರೆ ಮೂರು ಪಿನ್ನಿನ ಪ್ಲಗ್, ಡಬ್ಬಿಗೆ ಅರ್ಥ್ ತಂತಿ, 230ರ ದಾರಿಯಲ್ಲಿ ಅರ್ಧ ಆಂಪಿಯರಿನ ಫ್ಯೂಸ್ ಇರಲೇಬೇಕು. ಫ್ಯೂಸ್ ಹೋಯ್ತು ಅಂತ ಅಲ್ಲಿ ದಪ್ಪ ತಂತಿ ಸುತ್ತಬೇಡಿ. ಫ್ಯೂಸ್ ಹೋಗಿದ್ದು ಯಾಕೆ ಅಂತ ಹುಡುಕಿ.

3. ಕಾಲಲ್ಲಿ ಚಪ್ಪಲಿ ಇರಲಿ, ಕೈ ಒಣಗಿರಲಿ, ಬಳೆ, ಉದ್ದ ಸರ ತೆಗೆದಿಡಿ, ಸೆರಗು ಸಿಕ್ಕಿಸಿಕೊಳ್ಳಿ. ಒಬ್ಬರು ಅಳೆಯುವಾಗ ಇನ್ನೊಬ್ಬರು ಸ್ವಿಚ್ಚಿನ ಹತ್ತಿರ ನಿಂತಿರಲಿ.

4. ಏನನ್ನಾದರೂ ಬಿಚ್ಚುವಾಗ, ಬೆಸೆಯುವಾಗ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೇ ಕೀಳಿ. ಕಿತ್ತ ಮೇಲೂ ದೊಡ್ಡ ಕೆಪಾಸಿಟರಿನಲ್ಲಿ ಕರೆಂಟು ಉಳಿದಿರುತ್ತದೆ. ಒಂದು ಕೆ, ಅರ್ಧ ವಾಟಿನ ರೆಸಿಸ್ಟರನ್ನು ಇಕ್ಕಳದಲ್ಲಿ ಹಿಡಿದು ಅದರ ಎರಡು ಕಾಲಿಗೆ 15 ಸೆಕೆಂಡ್ ಮುಟ್ಟಿಸಿದರೆ ಖಾಲಿಯಾಗುತ್ತದೆ. ಸ್ಕ್ರೂಡ್ರೈವರ್ ಮುಟ್ಟಿಸಿ ಪಟ್ ಅನ್ನಿಸುವುದು ಬೇಡ.

5. ಮೊದಲ ಸಲ ಕರೆಂಟು ಕೊಡುವಾಗ ಸೀರೀಸ್ ಬಲ್ಬಿನ ಮೂಲಕ ಕೊಡಿ. ಅಂದರೆ ಕರೆಂಟು 60 ವಾಟಿನ ಒಂದು ಬಲ್ಬನ್ನು ದಾಟಿ ಕಿಟ್‌ಗೆ ಬರಬೇಕು. ಕಿಟ್‌ನಲ್ಲಿ ಎಲ್ಲಾದರೂ ಶಾರ್ಟ್ ಇದ್ದರೆ ಬಲ್ಬ್ ಪೂರ್ತಿ ಬೆಳಗುತ್ತದೆ, ಕಿಟ್ ಉಳಿಯುತ್ತದೆ. ಸರಿ ಇದ್ದರೆ ಒಂದು ಸಲ ಮಿನುಗಿ ಮಂದವಾಗುತ್ತದೆ. ಇದಕ್ಕೆ ಒಳಗೆ ತಂತಿ ಇರುವ ಹಳೇ ಕಾಲದ ಬಲ್ಬೇ ಆಗಬೇಕು, ಎಲ್‌ಇಡಿ ಬಲ್ಬ್ ಆಗುವುದಿಲ್ಲ. ಈ ಬೋರ್ಡನ್ನು ವೈರಿಂಗ್ ಬಲ್ಲವರಿಂದ ಒಮ್ಮೆ ಮಾಡಿಸಿಟ್ಟರೆ ವರ್ಷಗಟ್ಟಲೆ ಉಪಯೋಗಕ್ಕೆ ಬರುತ್ತದೆ.

ಮೀಟರನ್ನೂ ಪರೀಕ್ಷಿಸಿ

ತಕ್ಕಡಿಯೇ ಸರಿ ಇಲ್ಲದಿದ್ದರೆ ತೂಕ ಹೇಗೆ ಸರಿ ಬಂದೀತು? ಅಗ್ಗದ ಡಿಜಿಟಲ್ ಮಲ್ಟಿಮೀಟರ್ ಸಾಕು, ಆದರೆ ಅದರೊಳಗಿನ 9 ವೋಲ್ಟಿನ ಬ್ಯಾಟರಿ ಇಳಿದಿದ್ದರೆ ಅಂಕೆ ತಪ್ಪು ಬರುತ್ತದೆ. ಪರದೆಯಲ್ಲಿ ಬ್ಯಾಟರಿಯ ಚಿತ್ರ ಕಂಡರೆ ಮೊದಲು ಅದನ್ನು ಬದಲಿಸಿ. ಆಮೇಲೆ ಹೊಸ ಪೆನ್ಸಿಲ್ ಸೆಲ್ಲನ್ನು ಅಳೆಯಿರಿ. 1.5 ಅಥವಾ 1.6 ತೋರಿಸಿದರೆ ಮೀಟರನ್ನು ನಂಬಬಹುದು.

ಕಪ್ಪು ತಂತಿ 'ಕಾಮ್' ಎಂದು ಬರೆದಿರುವ ತೂತಿಗೆ, ಕೆಂಪು ತಂತಿ ವೋಲ್ಟಿನ ತೂತಿಗೆ. ಕೆಂಪು ತಂತಿ 10 ಆಂಪಿಯರಿನ ತೂತಿನಲ್ಲಿ ಉಳಿದಿದ್ದರೆ ವೋಲ್ಟ್ ಅಳೆಯಲು ಹೋದ ಕೂಡಲೇ ಶಾರ್ಟ್ ಆಗುತ್ತದೆ. ಪ್ರತಿ ಸಲವೂ ನೋಡಿಕೊಳ್ಳಿ. 'ವಿ' ಪಕ್ಕದಲ್ಲಿ ಅಲೆಯ ಗುರುತು ಇದ್ದರೆ ಎ.ಸಿ., ನೇರ ಗೆರೆ ಇದ್ದರೆ ಡಿ.ಸಿ. ಟ್ರಾನ್ಸ್‌ಫಾರ್ಮರಿನ 12 ವೋಲ್ಟಿಗೆ ಎ.ಸಿ. 200ರಲ್ಲಿಡಿ. ಡಯೋಡ್ ದಾಟಿದ ಮೇಲೆ ಡಿ.ಸಿ. 200ರಲ್ಲಿಡಿ.

ನಾಲ್ಕು ಮೆಟ್ಟಿಲು

ನಿಯಮ ಒಂದೇ: ಒಂದು ಮೆಟ್ಟಿಲಿನ ಅಂಕೆ ಸರಿ ಬಂದು ಪುಸ್ತಕದಲ್ಲಿ ಬರೆದ ಮೇಲೆ ಮುಂದಿನ ಮೆಟ್ಟಿಲು. ಒಂದೊಂದೇ ಮೆಟ್ಟಿಲು ಮುಗಿಯುವ ತನಕ ಅದರ ಮುಂದಿನ ತಂತಿಗಳನ್ನು ಜೋಡಿಸಬೇಡಿ.

ಮೆಟ್ಟಿಲು 1: ಪ್ಲಗ್ ಹಾಕದೆ ನೋಡುವುದು. ನಾಲ್ಕು ಡಯೋಡಿನ ಬೆಳ್ಳಿ ಪಟ್ಟಿ ಬೋರ್ಡಿನ ಚಿತ್ರದಂತೆಯೇ ಇದೆಯೇ? ಕೆಪಾಸಿಟರಿನ ಮೈಮೇಲೆ ಪಟ್ಟಿ ಇರುವ ಕಾಲು ಮೈನಸ್. ಪ್ಲಸ್ ಕಡೆಯ ಕೆಪಾಸಿಟರಿನ ಮೈನಸ್ ಕಾಲು ಸೊನ್ನೆಗೆ ಹೋಗುತ್ತದೆ. ಮೈನಸ್ ಕಡೆಯ ಕೆಪಾಸಿಟರಿನಲ್ಲಿ ಇದು ತಿರುಗಾಮುರುಗಾ: ಅದರ ಪ್ಲಸ್ ಕಾಲು ಸೊನ್ನೆಗೆ. ಬಹಳ ಜನ ತಪ್ಪುವುದು ಇಲ್ಲೇ. ತಿರುಗಿಸಿ ಹಾಕಿದ ಕೆಪಾಸಿಟರ್ ಬಿಸಿಯಾಗಿ ಸಿಡಿಯಬಹುದು. ಮುಖ ಹತ್ತಿರ ಇಟ್ಟು ನೋಡಬೇಡಿ.

ಐಸಿಯ ಬೆನ್ನಿಗಿರುವ ಲೋಹದ ತಗಡು ಅದರ ಮೂರನೇ ಕಾಲಿಗೆ, ಅಂದರೆ ಮೈನಸ್ಸಿಗೆ ಸೇರಿದೆ. ಆದ್ದರಿಂದ ಐಸಿ ಮತ್ತು ಅಲ್ಯೂಮಿನಿಯಂ ಹೀಟ್‌ಸಿಂಕ್ ನಡುವೆ ಮೈಕಾ ಹಾಳೆ, ಸ್ಕ್ರೂವಿಗೆ ಪ್ಲಾಸ್ಟಿಕ್ ಬುಶ್ ಬೇಕು. ಮೀಟರನ್ನು ಬೀಪ್ ಸದ್ದಿನ ಗುರುತಿಗೆ ಇಟ್ಟು ಹೀಟ್‌ಸಿಂಕ್ ಮತ್ತು ಐಸಿಯ ತಗಡಿಗೆ ಮುಟ್ಟಿಸಿ. ಬೀಪ್ ಅಂದರೆ ಮೈಕಾ ಹರಿದಿದೆ ಅಥವಾ ಬುಶ್ ಇಲ್ಲ.

ಮೆಟ್ಟಿಲು 2: ಟ್ರಾನ್ಸ್‌ಫಾರ್ಮರ್ ಒಂದೇ. ಮೂರು ತಂತಿಯನ್ನು ಒಂದಕ್ಕೊಂದು ತಾಗದಂತೆ ಬಿಡಿಸಿಟ್ಟು ಎ.ಸಿ. ಅಳೆಯಿರಿ. ಎರಡು ಜೋಡಿಯಲ್ಲಿ ಸುಮಾರು 12, ಒಂದು ಜೋಡಿಯಲ್ಲಿ ಸುಮಾರು 24 ಬರಬೇಕು. 24 ಬಂದ ಜೋಡಿಯಲ್ಲಿ ಇಲ್ಲದ ತಂತಿಯೇ ಸೊನ್ನೆ. ತಂತಿಯ ಬಣ್ಣ ಒಂದೊಂದು ಕಂಪನಿಗೆ ಒಂದೊಂದು ಥರ ಇರುತ್ತದೆ. ಆದ್ದರಿಂದ ಬಣ್ಣ ನಂಬಬೇಡಿ, ಅಂಕೆ ನಂಬಿ.

ಮೆಟ್ಟಿಲು 3: ಡಯೋಡ್ ಮತ್ತು ಕೆಪಾಸಿಟರ್. ಐಸಿ ಬೋರ್ಡಿಗೆ ಹೋಗುವ ತಂತಿಗಳನ್ನು ಇನ್ನೂ ಜೋಡಿಸಬೇಡಿ. ಕಪ್ಪು ತಂತಿಯನ್ನು ಸೊನ್ನೆಗೆ ಇಟ್ಟು ಪ್ಲಸ್ ಅಳೆಯಿರಿ, ಮೈನಸ್ ಅಳೆಯಿರಿ. ಆಮೇಲೆ ಪ್ಲಸ್ಸಿನಿಂದ ಮೈನಸ್ಸಿಗೆ ಒಟ್ಟು ಅಳೆಯಿರಿ. ಮೂರೂ ಅಂಕೆ ಬರೆಯಿರಿ. ಮೈನಸ್ ಕಡೆ ಅಂಕೆಯ ಮುಂದೆ ಅಡ್ಡ ಗೆರೆ ಬಂದರೆ ಅದು ಸರಿಯೇ.

ಮೆಟ್ಟಿಲು 4: ಐಸಿ ಇದೆ, ಸ್ಪೀಕರ್ ಇಲ್ಲ. ಪ್ಲಗ್ ಕಿತ್ತು, ಕೆಪಾಸಿಟರ್ ಖಾಲಿ ಮಾಡಿ, ಬೋರ್ಡ್ ಜೋಡಿಸಿ. ವಾಲ್ಯೂಮ್ ಪೂರ್ತಿ ತಗ್ಗಿಸಿ. ಐಸಿಯ ಬರಹ ನಮ್ಮ ಕಡೆ, ಕಾಲುಗಳು ಕೆಳಗೆ ಇರುವಾಗ ಎಡದಿಂದ ಒಂದು, ಎರಡು, ಮೂರು, ನಾಲ್ಕು, ಐದು. ಐದನೇ ಕಾಲಿನಲ್ಲಿ ಪ್ಲಸ್ 17ರ ಹತ್ತಿರ, ಮೂರನೆಯದರಲ್ಲಿ ಮೈನಸ್ 17ರ ಹತ್ತಿರ. ಒಂದು, ಎರಡರಲ್ಲಿ ಹೆಚ್ಚುಕಡಿಮೆ ಸೊನ್ನೆ. ನಾಲ್ಕನೆಯದು ಸ್ಪೀಕರಿಗೆ ಹೋಗುವ ಕಾಲು. ಅಲ್ಲಿ 0.1 ವೋಲ್ಟಿಗಿಂತ ಕಡಿಮೆ ಇರಬೇಕು. ಕಾಲುಗಳು ತೀರಾ ಹತ್ತಿರ ಇವೆ, ಮೀಟರಿನ ಮೊನೆ ಜಾರಿ ಎರಡಕ್ಕೆ ತಾಗಿದರೆ ಐಸಿ ಹೋದೀತು. ಅದಕ್ಕೆ ಮೊನೆಯ ತುದಿ ಮಾತ್ರ ಬಿಟ್ಟು ಉಳಿದದ್ದಕ್ಕೆ ಟೇಪ್ ಸುತ್ತಿಕೊಳ್ಳಿ.

ಈ ನಾಲ್ಕನೇ ಕಾಲು ಸೊನ್ನೆ ಅಂತ ಕಣ್ಣಾರೆ ಕಂಡ ಮೇಲೆಯೇ ಸ್ಪೀಕರ್. ಅಲ್ಲಿ 17 ವೋಲ್ಟ್ ಡಿ.ಸಿ. ಇದ್ದು, 4 ಓಮಿನ ಸ್ಪೀಕರ್ ಜೋಡಿಸಿದರೆ ಲೆಕ್ಕದ ಪ್ರಕಾರ 4 ಆಂಪಿಯರಿಗೂ ಮೇಲೆ ಎಳೆಯುತ್ತದೆ, ಅಂದರೆ 70 ವಾಟಿನ ಹತ್ತಿರ. ನಮ್ಮ ಪುಟ್ಟ ಟ್ರಾನ್ಸ್‌ಫಾರ್ಮರ್ ಅಷ್ಟನ್ನು ಕೊಡಲಾರದು, ಆದರೆ ಕೊಟ್ಟಷ್ಟೂ ಸದ್ದಾಗದೆ ಬರೀ ಶಾಖವಾಗುತ್ತದೆ. ಸ್ಪೀಕರಿನ ಸುರುಳಿ ಸುಡಲು ಅಷ್ಟೇ ಸಾಕು.

ಅಂಕೆ ತಪ್ಪಿದರೆ ಏನು ಅರ್ಥ?

ತಪ್ಪಾದ ಅಂಕೆಯೂ ಒಂದು ಮಾತು ಹೇಳುತ್ತದೆ. ಕೇಳಿಸಿಕೊಳ್ಳಬೇಕು ಅಷ್ಟೆ.

• ಎಲ್ಲಾ ಕಡೆ ಸೊನ್ನೆ: ಪ್ಲಗ್, ಸ್ವಿಚ್, ಫ್ಯೂಸ್, ಆಮೇಲೆ ಟ್ರಾನ್ಸ್‌ಫಾರ್ಮರ್. ಈ ಕ್ರಮದಲ್ಲೇ, ಪ್ಲಗ್ ಕಿತ್ತು ನೋಡಿಸಿ.

• ಎರಡೂ ಕಡೆ 25ರ ಆಸುಪಾಸು: 12-0-12ರ ಬದಲು 18-0-18 ಟ್ರಾನ್ಸ್‌ಫಾರ್ಮರ್ ಬಂದಿರಬಹುದು. 18ನ್ನು 1.414ರಿಂದ ಗುಣಿಸಿ ನೋಡಿ, ಗೊತ್ತಾಗುತ್ತದೆ. ಐಸಿ ಜೋಡಿಸಬೇಡಿ. 25 ವೋಲ್ಟಿನ ಕೆಪಾಸಿಟರಿಗೂ ಅದು ಅಪಾಯ.

• ಒಂದು ಕಡೆ ಸರಿ, ಇನ್ನೊಂದು ಕಡೆ ಸೊನ್ನೆ: ಆ ಕಡೆಯ ಡಯೋಡ್ ತಿರುಗಿದೆ, ಅಥವಾ ಬೆಸುಗೆ ಹಿಡಿದಿಲ್ಲ. ಐಸಿ ಜೋಡಿಸಿದ ಮೇಲೆ ಮಾತ್ರ ಮೈನಸ್ ಕಡೆ ಸೊನ್ನೆ ಆದರೆ ಮೊದಲು ಮೈಕಾ ಹಾಳೆ ನೋಡಿ.

• 17ರ ಬದಲು 10ರ ಹತ್ತಿರ, ಜೊತೆಗೆ ಸ್ಪೀಕರಿನಲ್ಲಿ ಗುಂಯ್ ಸದ್ದು: ಕೆಪಾಸಿಟರ್ ಕೆಲಸ ಮಾಡುತ್ತಿಲ್ಲ. ಅಲೆಯನ್ನು ತುಂಬಿಸಿಡುವವರು ಇಲ್ಲದ್ದರಿಂದ ಮೀಟರ್ ಅಲೆಯ ಸರಾಸರಿಯನ್ನು ತೋರಿಸುತ್ತದೆ. ಹೆಚ್ಚಾಗಿ ಅದರ ಕಾಲಿನ ಬೆಸುಗೆ ಬಿಟ್ಟಿರುತ್ತದೆ.

• ಮೂರನೇ ಮೆಟ್ಟಿಲಿನಲ್ಲಿ 17, ಬೋರ್ಡ್ ಜೋಡಿಸಿದ ಕೂಡಲೇ ಕುಸಿಯಿತು, ಸೀರೀಸ್ ಬಲ್ಬ್ ಬೆಳಗಿತು: ಬೋರ್ಡಿನಲ್ಲಿ ಶಾರ್ಟ್. ಎರಡು ಗೆರೆಗಳ ನಡುವೆ ಬೆಸುಗೆಯ ಹನಿ ಬಿದ್ದಿದೆಯೇ, ಐಸಿ ಸುಟ್ಟಿದೆಯೇ ನೋಡಿ.

• ಪ್ಲಸ್, ಮೈನಸ್ ಸರಿ, ಆದರೆ ನಾಲ್ಕನೇ ಕಾಲಿನಲ್ಲಿ 10, 15 ವೋಲ್ಟ್: ನಾಲ್ಕನೇ ಕಾಲಿನಿಂದ ಎರಡನೇ ಕಾಲಿಗೆ ಹೋಗುವ ರೆಸಿಸ್ಟರಿನ ಬೆಸುಗೆ ನೋಡಿ. ಐಸಿ ತನ್ನನ್ನು ತಾನು ತಿದ್ದಿಕೊಳ್ಳುವುದು ಆ ದಾರಿಯಿಂದಲೇ. ಅದು ಸರಿ ಇದ್ದರೆ ಐಸಿ ಹೋಗಿದೆ.

• ಒಟ್ಟು ಸರಿ, ಪಾಲು ಮಾತ್ರ ತಪ್ಪು: ಅಂದರೆ ಪ್ಲಸ್ಸಿನಿಂದ ಮೈನಸ್ಸಿಗೆ 34 ಇದೆ, ಆದರೆ 17, 17 ಆಗುವ ಬದಲು ಒಂದು ಕಡೆ ಜಾಸ್ತಿ, ಇನ್ನೊಂದು ಕಡೆ ಕಡಿಮೆ. ಡಯೋಡ್ ಬಿಚ್ಚಬೇಡಿ, ಐಸಿ ಬದಲಿಸಬೇಡಿ. ಸೊನ್ನೆಯ ತಂತಿ ನೋಡಿ. ತಕ್ಕಡಿಯ ನಡುದಾರ ಬಿಟ್ಟರೆ ಎರಡು ತಟ್ಟೆ ಹೇಗೆ ಸಮ ನಿಂತೀತು?

ನಮಗೆ ಸಿಕ್ಕಿದ್ದು

ಸುಟ್ಟ ಐಸಿಯ ಬೋರ್ಡನ್ನು ಬೇರೆ ಮಾಡಿ ನಾವು ಒಂದೊಂದೇ ಮೆಟ್ಟಿಲು ಹತ್ತಿದೆವು. ಎರಡನೇ ಮೆಟ್ಟಿಲಿನಲ್ಲಿ ಟ್ರಾನ್ಸ್‌ಫಾರ್ಮರಿನ ತಂತಿಗಳ ತಾಮ್ರಕ್ಕೇ ಮೀಟರ್ ಇಟ್ಟು ಅಳೆದಾಗ 12.5, 12.5 ಮತ್ತು 25. ಯಾವ ತಪ್ಪೂ ಇಲ್ಲ. ಮೂರನೆಯದಕ್ಕೆ ತಂತಿಗಳನ್ನು ಮೊದಲಿದ್ದ ಹಾಗೇ ಕನೆಕ್ಟರಿಗೆ ಸಿಕ್ಕಿಸಿ ಅಳೆದೆವು. ಪ್ಲಸ್ 23, ಮೈನಸ್ 11. ಒಟ್ಟು 34. ಪುಸ್ತಕದಲ್ಲಿ ಬರೆದ ಕೂಡಲೇ ಒಬ್ಬ ಅಕ್ಕ ಅಂದರು: "ಒಟ್ಟು ತಾಳೆ ಆಗ್ತದೆ ಸಿಸ್ಟರ್, ಹಂಚಿಕೆ ತಪ್ಪಿದೆ." ಅವರು ಸಂಘದ ಲೆಕ್ಕ ಬರೆಯುವವರು. ಸೊನ್ನೆ ನಡುವಿನಿಂದ ಜಾರಿತ್ತು. ಐಸಿ ಸತ್ತದ್ದು ಅಲ್ಲಿ, ಸ್ಪೀಕರ್ ಸುಟ್ಟದ್ದು ಅದರ ಹಿಂದೆಯೇ.

ಪ್ಲಗ್ ಕಿತ್ತು ಸೊನ್ನೆಯ ತಂತಿಯ ದಾರಿ ಹಿಡಿದೆವು. ಬೋರ್ಡಿನ ಮೇಲೆ ಆ ಹುಡುಗಿ ಮಾಡಿದ ಬೆಸುಗೆ ಹೊಳೆಯುತ್ತಿತ್ತು, ಎಲ್ಲಾ ಕಡೆ ಬೀಪ್ ಬಂತು. ಟ್ರಾನ್ಸ್‌ಫಾರ್ಮರಿನ ತಂತಿಗಳನ್ನು ಬೋರ್ಡಿಗೆ ಸೇರಿಸುವ ಸ್ಕ್ರೂ ಕನೆಕ್ಟರಿನಲ್ಲಿ ಮಾತ್ರ ಬೀಪ್ ಇಲ್ಲ. ತಂತಿ ಅಲ್ಲಾಡಿಸಿದರೆ ಒಮ್ಮೆ ಬೀಪ್, ಒಮ್ಮೆ ಇಲ್ಲ. ಸ್ಕ್ರೂ ಬಿಚ್ಚಿ ನೋಡಿದರೆ ತಂತಿಯ ತಾಮ್ರದ ಮೇಲೆ ಕೂರಬೇಕಾದ ಸ್ಕ್ರೂ ಅದರ ಪ್ಲಾಸ್ಟಿಕ್ ಹೊದಿಕೆಯ ಮೇಲೆ ಕೂತಿತ್ತು. ಎರಡೋ ಮೂರೋ ಎಳೆ ಮಾತ್ರ ತಾಗುತ್ತಿತ್ತು. ಅದಕ್ಕೇ ಮೊದಲು ಹಾಡು ಬಂದದ್ದು. ಸ್ಪೀಕರಿನ ಅದುರುವಿಕೆಗೆ ಆ ಎಳೆಗಳೂ ಬಿಟ್ಟ ಮೇಲೆ ಕೆಟ್ಟದ್ದು.

ಆ ಮೂರು ಸ್ಕ್ರೂ ಬಿಗಿ ಮಾಡಿದ್ದು ಯಾರು? ಹಿಂದಿನ ದಿನ ಸಂಜೆ ಆ ಹುಡುಗಿ ಕೊನೆಯ ಬಸ್ಸಿಗೆ ಓಡಿದ್ದಳು. "ಇದಿಷ್ಟು ನಾವೇ ಮುಗಿಸ್ತೇವೆ" ಅಂತ ಮಬ್ಬು ಬೆಳಕಿನಲ್ಲಿ ಕನೆಕ್ಟರ್ ಹಾಕಿದ್ದು ನಾವೇ. ಕಲಿಸುವವರಾದ ನಮ್ಮ ಕೈಯ ತಪ್ಪು, ಕಲಿಯುವವಳ ತಲೆಗೆ ಬಂದಿತ್ತು. ತಪ್ಪು ಹೊರಿಸುವಾಗ ನಾವು ಅವರನ್ನು ತಡೆಯಲೂ ಇಲ್ಲ. ಅದು ಎರಡನೇ ತಪ್ಪು.

ಮರುದಿನ ಅವಳ ಮನೆಗೆ ಹೋಗಿ ಇದನ್ನು ಹೇಳಿದೆವು. ಅವಳ ಅಮ್ಮ ಚಹಾ ಕೊಟ್ಟರು, ಅವಳು ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ "ಹಾಗಾದ್ರೆ ನನ್ನ ಬೆಸುಗೆ ಸರಿ ಇತ್ತಾ?" ಅಂತ ಕೇಳಿದಳು. ಮುಂದಿನ ಸಭೆಯಲ್ಲಿ ಎಲ್ಲರ ಎದುರು ಅಂಕೆಗಳನ್ನು ಓದಿ, ತಪ್ಪು ನಮ್ಮದೆಂದು ನಿರ್ಣಯ ಪುಸ್ತಕದಲ್ಲಿ ಬರೆಸಿದೆವು. ಐಸಿ ಮತ್ತು ಸ್ಪೀಕರಿನ ಹಣ ನಾವು ಕೊಟ್ಟೆವು. ಹೊಸ ಐಸಿಯನ್ನು ಅವಳೇ ಬೆಸೆದಳು. ಸ್ಪೀಕರ್ ಜೋಡಿಸುವ ಮೊದಲು ನಾಲ್ಕು ಮೆಟ್ಟಿಲಿನ ಅಂಕೆಯನ್ನು ತಾನೇ ಅಳೆದು ಬರೆದಳು: ಪ್ಲಸ್ 17, ಮೈನಸ್ 17, ನಾಲ್ಕನೇ ಕಾಲಿನಲ್ಲಿ 0.02. ಈಗ ಆ ಚೀಟಿ ಆಂಪ್ಲಿಫೈಯರಿನ ಮುಚ್ಚಳದ ಒಳಗೆ ಅಂಟಿಸಿದೆ. ಇನ್ನೊಮ್ಮೆ ಕೆಟ್ಟರೆ ಯಾವ ಅಂಕೆ ಬದಲಾಗಿದೆ ಅಂತ ನೋಡಿದರೆ ಸಾಕು.

ನೆನಪಿನಲ್ಲಿಡಿ

• ಎಷ್ಟು ಬರಬೇಕು ಅಂತ ಮೊದಲು ಲೆಕ್ಕ ಹಾಕಿ, ಆಮೇಲೆ ಅಳೆಯಿರಿ.
• ಕರೆಂಟು ಬರುವ ದಾರಿಯಲ್ಲೇ ಹೋಗಿ. ನಡುವಿನಿಂದ ಶುರು ಮಾಡಬೇಡಿ.
• ಪ್ರತಿ ಅಂಕೆಯನ್ನೂ ಬರೆದಿಡಿ. ನೆನಪು ಮೋಸ ಮಾಡುತ್ತದೆ.
• ಕಾರಣ ಸಿಗುವ ತನಕ ಬಿಡಿಭಾಗ ಬದಲಿಸಬೇಡಿ. ಹೊಸ ಐಸಿಯೂ ಅದೇ ತಪ್ಪಿಗೆ ಸುಡುತ್ತದೆ.
• ಕನೆಕ್ಟರಿನ ಸ್ಕ್ರೂ ತಾಮ್ರದ ಮೇಲೆ ಕೂರಲಿ. ಬಿಗಿ ಮಾಡಿದ ಮೇಲೆ ತಂತಿಯನ್ನು ಒಮ್ಮೆ ಮೆಲ್ಲಗೆ ಎಳೆದು ನೋಡಿ.
• ನಾಲ್ಕನೇ ಕಾಲು ಸೊನ್ನೆ ಆಗದೆ ಸ್ಪೀಕರ್ ಇಲ್ಲ.

ಸಭೆಯಲ್ಲಿ ಚರ್ಚಿಸಲು

1. ಒಂದು ಕಿಟ್‌ನಲ್ಲಿ ಟ್ರಾನ್ಸ್‌ಫಾರ್ಮರ್ 9-0-9 ಇದೆ. ಡಯೋಡ್, ಕೆಪಾಸಿಟರ್ ದಾಟಿದ ಮೇಲೆ ಒಂದೊಂದು ಕಡೆ ಎಷ್ಟು ವೋಲ್ಟ್ ಬರಬೇಕು? ಎಲ್ಲರೂ ಸೇರಿ ಲೆಕ್ಕ ಮಾಡಿ. (ಉತ್ತರ: ಸುಮಾರು 12)

2. ಪ್ಲಸ್ 17, ಮೈನಸ್ 10, ಒಟ್ಟು 27 ಬಂದಿದೆ. ಇದು ಸೊನ್ನೆಯ ತಂತಿಯ ತಪ್ಪೇ, ಬೇರೆಯೇ? ಯಾಕೆ? (ಸುಳಿವು: ಇಲ್ಲಿ ಒಟ್ಟೂ ಕಡಿಮೆಯಾಗಿದೆ.)

3. ನಮ್ಮ ಸಂಘದಲ್ಲಿ ಅಳೆಯದೆ, ಪುಸ್ತಕ ನೋಡದೆ ಯಾರ ಮೇಲಾದರೂ ತಪ್ಪು ಹೊರಿಸಿದ್ದುಂಟೇ? ಆ ಸಹೋದರಿ ಈಗ ಸಭೆಗೆ ಬರುತ್ತಿದ್ದಾಳೆಯೇ?

ಮೂರನೇ ಪ್ರಶ್ನೆಗೆ ಉತ್ತರ ಕೊಡಲು ಮೀಟರ್ ಬೇಡ. ಆದರೆ ಅವಳ ಮನೆಯ ತನಕ ನಡೆದು ಹೋಗಬೇಕಾದೀತು.